ಹೆಸರಿನ ಜಾಗ ಖಾಲಿ: ಸುಬ್ರೊತೊ ಕಪ್ ಅರ್ಹತಾ ಸುತ್ತಿನಲ್ಲಿ ನಾವು ಅಲೆದ ಕಥೆ

ನಾನು ಕನ್ನಡ ಶಿಕ್ಷಕಿ. ಗದಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 13 ವರ್ಷಗಳಿಂದ ಸಂಧಿ, ಸಮಾಸ, ಛಂದಸ್ಸು ಹೇಳಿಕೊಡುತ್ತಿದ್ದೇನೆ. ಈ ಜೂನ್ ಕೊನೆಯ ವಾರದವರೆಗೂ ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಚೆಂಡು ಕಾಂಪೌಂಡ್ ದಾಟಿ ಬಿದ್ದರೆ ಪಕ್ಕದ ಹೊಲದ ಯಜಮಾನರು ಬಂದು ಮುಖ್ಯೋಪಾಧ್ಯಾಯರ ಜೊತೆ ಜಗಳ ತೆಗೆಯುತ್ತಾರೆ. ಹುಡುಗಿಯರ ತಂಡ ಊರು ಬಿಟ್ಟು ಹೊರಟರೆ ಜೊತೆಗೆ ಶಿಕ್ಷಕಿಯೊಬ್ಬರು ಇರಲೇಬೇಕು. ನಮ್ಮ ದೈಹಿಕ ಶಿಕ್ಷಕರು ಗಂಡಸರು. ಶಾಲೆಯಲ್ಲಿರುವ ಶಿಕ್ಷಕಿಯರು ಇಬ್ಬರೇ, ಅವರಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿದ್ದರು. ಹೀಗೆ ನಾನು ತಂಡದ ವ್ಯವಸ್ಥಾಪಕಿಯಾದೆ.

ಧಾರವಾಡದಿಂದ ತಿರುಗಿ ಬಂದು ಇಂದಿಗೆ ಆರು ದಿನ. ಬ್ಯಾಗಿನ ತಳದಲ್ಲಿ ಇನ್ನೂ ಅಲ್ಲಿನ ಕೆಂಪು ಮಣ್ಣಿದೆ. ಮುಂದಿನ ವರ್ಷ ಯಾವುದೋ ಶಾಲೆಯ ಗಣಿತದ ಅಕ್ಕೋರೋ ಹಿಂದಿ ಅಕ್ಕೋರೋ ನನ್ನಂತೆಯೇ ಸಿಕ್ಕಿಹಾಕಿಕೊಳ್ಳುವುದು ಖಂಡಿತ. ಮರೆಯುವ ಮೊದಲು ಅವರಿಗಾಗಿ ಬರೆದಿಡುತ್ತಿದ್ದೇನೆ. ಇದರಲ್ಲಿ ಆಟದ ಮಾತು ಕಡಿಮೆ, ಕಾಗದದ ಮಾತು ಹೆಚ್ಚು. ನಮಗೆ ಆದದ್ದೂ ಹಾಗೆಯೇ.

ಮೊದಲು ಈ ಕಪ್ ಯಾವುದು ಎಂದು ಹೇಳಿಬಿಡುತ್ತೇನೆ, ಏಕೆಂದರೆ ಪೋಷಕರು ಮೊದಲು ಕೇಳುವುದೇ ಅದನ್ನು. ಭಾರತೀಯ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಏರ್ ಮಾರ್ಷಲ್ ಸುಬ್ರೊತೊ ಮುಖರ್ಜಿ ಅವರ ಹೆಸರಿನಲ್ಲಿ 1960ರಿಂದ ನಡೆಯುತ್ತಿರುವ ಶಾಲಾ ಫುಟ್‌ಬಾಲ್ ಪಂದ್ಯಾವಳಿ ಇದು. ಬಾಲಕಿಯರಿಗೆ ಜಾಗ ಸಿಕ್ಕಿದ್ದು 2012ರಲ್ಲಿ, ಅಂದರೆ ಹುಡುಗರು ಅರ್ಧ ಶತಮಾನ ಆಡಿದ ಮೇಲೆ. ದೆಹಲಿಯ ಕೊನೆಯ ಸುತ್ತಿಗೆ ಬಾಂಗ್ಲಾದೇಶ, ನೇಪಾಳದ ಶಾಲಾ ತಂಡಗಳೂ ಬಂದು ಆಡಿವೆ, ಅದಕ್ಕೇ ಹೆಸರಿನಲ್ಲಿ ‘ಅಂತರರಾಷ್ಟ್ರೀಯ’ ಎಂದಿದೆ. ಆ ದೆಹಲಿಗೆ ಹೋಗುವ ದಾರಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ನಾಲ್ಕು ಮೆಟ್ಟಿಲು. ಇಡೀ ತಂಡ ಒಂದೇ ಶಾಲೆಯದಾಗಿರಬೇಕು. ಪಕ್ಕದೂರಿನ ಚುರುಕು ಹುಡುಗಿಯನ್ನು ಎರವಲು ತರುವಂತಿಲ್ಲ. ವಯಸ್ಸಿನ ಮಿತಿ 17. ಸರ್ಕಾರಿ ಪ್ರೌಢಶಾಲೆಯಲ್ಲಿ ಇರುವುದು ಎಂಟರಿಂದ ಹತ್ತನೇ ತರಗತಿ ಮಾತ್ರ. ಹನ್ನೆರಡರವರೆಗೆ ತರಗತಿಗಳಿರುವ ಶಾಲೆಗಳ ಎದುರು ನಮ್ಮ ಮಕ್ಕಳು ನಿಂತರೆ ಅಕ್ಕ ತಂಗಿಯರು ನಿಂತಂತೆ ಕಾಣುತ್ತದೆ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಸುತ್ತೋಲೆ ಮುಖ್ಯೋಪಾಧ್ಯಾಯರ ಮೊಬೈಲಿಗೆ ಬಂದದ್ದು ಗುರುವಾರ ಸಂಜೆ. ತಾಲ್ಲೂಕು ಮಟ್ಟದ ಪಂದ್ಯ ಮುಂದಿನ ಮಂಗಳವಾರ. ನಡುವೆ ಒಂದು ಭಾನುವಾರ. ಹುಡುಗಿಯರು ಆಡುವುದರಲ್ಲಿ ಸಿದ್ಧರಿದ್ದರು. ನಮ್ಮ ದೈಹಿಕ ಶಿಕ್ಷಕರು ಎರಡು ವರ್ಷದಿಂದ ಬೆಳಗಿನ ಆರೂವರೆಗೆ ಎರೆ ಮಣ್ಣಿನ ಮೈದಾನದಲ್ಲಿ ಅವರನ್ನು ಓಡಿಸುತ್ತಿದ್ದರು. ಎರೆ ಮಣ್ಣು ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಒಂದೊಂದು ಬೂಟಿಗೆ ಒಂದೊಂದು ಸೇರು ಅಂಟಿಕೊಳ್ಳುತ್ತದೆ. ಅಲ್ಲಿ ಓಡಿ ಕಲಿತವರಿಗೆ ಬೇರೆ ಯಾವ ಮೈದಾನವೂ ಹಗುರವೇ ಎಂದು ಅವರು ಹೇಳುತ್ತಿದ್ದರು. ಸಿದ್ಧವಿಲ್ಲದೆ ಇದ್ದದ್ದು ಕಡತ.

ಒಬ್ಬ ಆಟಗಾರ್ತಿಗೆ ಬೇಕಾದದ್ದು: ಜನನ ಪ್ರಮಾಣಪತ್ರ, ಆಧಾರ್, ಮುಖ್ಯೋಪಾಧ್ಯಾಯರು ಕೊಡುವ ವ್ಯಾಸಂಗ ಪ್ರಮಾಣಪತ್ರ, ಶಿಕ್ಷಣ ಇಲಾಖೆಯ ಗಣಕದಲ್ಲಿ ವಿದ್ಯಾರ್ಥಿಯನ್ನು ಗುರುತಿಸುವ ಎಸ್‌ಎಟಿಎಸ್ ಸಂಖ್ಯೆಯಿರುವ ಮುದ್ರಿತ ಹಾಳೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಪತ್ರ, ಪೋಷಕರ ಒಪ್ಪಿಗೆ ಪತ್ರ, ಭಾವಚಿತ್ರಗಳು. ಅರ್ಹತಾ ನಮೂನೆಯನ್ನು ಮೂರು ಪ್ರತಿಗಳಲ್ಲಿ ತುಂಬಿ, ಭಾವಚಿತ್ರದ ಮೇಲೆ ಅರ್ಧ, ಹಾಳೆಯ ಮೇಲೆ ಅರ್ಧ ಬೀಳುವಂತೆ ಸಹಿ ಮತ್ತು ದುಂಡು ಮೊಹರು ಹಾಕಿಸಬೇಕು. ಇದನ್ನು 16ರಿಂದ ಗುಣಿಸಿ. ಶುಕ್ರವಾರ ಬೆಳಿಗ್ಗೆ ಜನನ ಪ್ರಮಾಣಪತ್ರ ತನ್ನಿ ಎಂದು ಹೇಳಿ ಕಳಿಸಿದೆ. ಶನಿವಾರ ಬಂದದ್ದು 11. ಒಬ್ಬಳು ರೇಷನ್ ಕಾರ್ಡ್ ತಂದಳು. ಇನ್ನೊಬ್ಬಳು ಚುಚ್ಚುಮದ್ದು ಹಾಕಿಸಿದ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ತಂದಳು, ಅದನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡ ಆ ತಾಯಿಗೆ ‘ಇದು ನಡೆಯುವುದಿಲ್ಲ’ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂವರ ತಂದೆಯ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ನಮ್ಮ ಕಡೆ ಒಬ್ಬನೇ ಮನುಷ್ಯ ಮನೆಯಲ್ಲಿ ಒಂದು ಹೆಸರಿನವನು, ಹೊಲದ ಉತಾರದಲ್ಲಿ ಇನ್ನೊಂದು ಹೆಸರಿನವನು, ಅಡ್ಡಹೆಸರು ಬೇರೆ. ಈ ಮೂವರ ವಿಷಯದಲ್ಲಿ ಎರಡೂ ಹೆಸರು ಒಬ್ಬರದೇ ಎಂದು ಮುಖ್ಯೋಪಾಧ್ಯಾಯರು ದೃಢೀಕರಿಸಿದ ಪತ್ರವನ್ನು ಸಂಘಟಕರು ಒಪ್ಪಿಕೊಂಡರು. ಎಲ್ಲೆಡೆ ಒಪ್ಪುತ್ತಾರೆ ಎಂದು ನಂಬಬೇಡಿ.

ಗೋಲ್‌ಕೀಪರ್ ಹುಡುಗಿ ತನ್ನ ಪ್ರಮಾಣಪತ್ರವನ್ನು ಮಧ್ಯಾಹ್ನ ಊಟದ ಹೊತ್ತಿಗೆ, ಎಲ್ಲರೂ ಹೋದ ಮೇಲೆ ತಂದುಕೊಟ್ಟಳು. ತಂದೆಯ ಹೆಸರು ಸರಿ ಇತ್ತು, ತಾಯಿಯ ಹೆಸರು ಸರಿ ಇತ್ತು, ಹುಟ್ಟಿದ ದಿನ, ಸ್ಥಳ, ನೋಂದಣಿ ಸಂಖ್ಯೆ ಎಲ್ಲವೂ ಇದ್ದವು. ಲಿಂಗ: ಹೆಣ್ಣು. ಹೆಸರು ಎಂಬಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಕರ್ತೃಪದ ಇಲ್ಲದ ವಾಕ್ಯಗಳಿಗೆ ಕೆಂಪು ಗೆರೆ ಎಳೆದವಳು ನಾನು. ಆ ಖಾಲಿ ಸಾಲನ್ನು ನೋಡಿ ಪೆನ್ನು ಕೈಯಲ್ಲೇ ಉಳಿಯಿತು.

“ಮೂರನೇ ದಿನಕ್ಕೇ ಬರೆಸಿಕೊಂಡರು ಅಕ್ಕೋರೇ. ತೊಟ್ಟಿಲಿಗೆ ಹಾಕಿ ಹೆಸರಿಟ್ಟದ್ದು ಆಮೇಲೆ. ಮತ್ತೆ ಹೋಗಿ ಬರೆಸಬೇಕೆಂದು ನಮಗೆ ಯಾರೂ ಹೇಳಲಿಲ್ಲ,” ಎಂದರು ಅವಳ ತಾಯಿ. ಅವರು ಕಳೆ ತೆಗೆಯುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರು, ಕೈಯಲ್ಲಿ ಕುರ್ಚಿಗಿ ಹಾಗೆಯೇ ಇತ್ತು. ಇದು ಅವರೊಬ್ಬರ ಮನೆಯ ಕಥೆಯಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಡಲೇ ಜನನ ದಾಖಲಾಗುತ್ತದೆ, ನಾಮಕರಣ ಆಮೇಲೆ ಆಗುತ್ತದೆ. ಅಂಗನವಾಡಿಗೂ ಒಂದನೇ ತರಗತಿಗೂ ತಾಯಿ ಹೇಳಿದ ಹೆಸರೇ ಸಾಕಾಗಿತ್ತು. ಹೀಗೆ ಹುಡುಗಿ ಒಂಬತ್ತನೇ ತರಗತಿಯವರೆಗೆ ಬಂದಿದ್ದಳು.

ಇಲ್ಲಿ ಒಂದು ನಿಯಮವನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ. ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ತಡದ ಶುಲ್ಕ ಕಟ್ಟಿ ಸೇರಿಸಬಹುದು, ಅದಕ್ಕೆ ಅವಧಿ ನೋಂದಣಿಯ ದಿನದಿಂದ 15 ವರ್ಷ. ನಾನು ಬೆರಳು ಮಡಚಿ ಎಣಿಸಿದೆ. ನಮ್ಮ ಹುಡುಗಿಗೆ ಉಳಿದಿದ್ದದ್ದು 41 ದಿನ. ಫುಟ್‌ಬಾಲ್ ಇಲ್ಲದಿದ್ದರೆ ಯಾರೂ ನೋಡುತ್ತಿರಲಿಲ್ಲ, ಆ 41 ದಿನವೂ ಹೊಲದಲ್ಲೇ ಕಳೆಯುತ್ತಿತ್ತು.

ತಾಲ್ಲೂಕು ಪಂದ್ಯದ ಬಗ್ಗೆ ಹೇಳುವುದೇನೂ ಇಲ್ಲ. ಬರಬೇಕಿದ್ದ ಎರಡನೇ ತಂಡ ಬರಲಿಲ್ಲ. ನಮ್ಮ ಹುಡುಗಿಯರು ಮೈದಾನದಲ್ಲಿ ಸಾಲಾಗಿ ನಿಂತರು, ರೆಫರಿ ಗಡಿಯಾರ ನೋಡಿದರು, ಶಿಳ್ಳೆ ಊದಿದರು, ನಾವು ತಾಲ್ಲೂಕು ಚಾಂಪಿಯನ್ನರಾದೆವು. ಗೋಲ್‌ಕೀಪರಿನ ಕಾಗದವನ್ನು ಜಿಲ್ಲಾ ಮಟ್ಟದ ಹೊತ್ತಿಗೆ ತರುತ್ತೇವೆಂದು ಮುಖ್ಯೋಪಾಧ್ಯಾಯರು ಬರೆದುಕೊಟ್ಟರು. ಜಿಲ್ಲಾ ಮಟ್ಟಕ್ಕೆ ಒಂಬತ್ತು ದಿನ ಇತ್ತು.

ಆ ಒಂಬತ್ತು ದಿನಗಳಲ್ಲಿ ನಾವು ಮೂರು ಸಲ ಹಾವೇರಿ ಜಿಲ್ಲೆಗೆ ಹೋದೆವು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ. ಆದ್ದರಿಂದ ಮಗು ಬೆಳೆದ ಊರು ಒಂದು, ದಾಖಲೆ ಇರುವ ಊರು ಇನ್ನೊಂದು. ದಾಖಲೆ ಎಲ್ಲಿದೆಯೋ ಅಲ್ಲೇ ಹೆಸರು ಸೇರಬೇಕು. ಗದಗದಿಂದ ಲಕ್ಷ್ಮೇಶ್ವರ, ಅಲ್ಲಿ ಬಸ್ ಬದಲಿಸಿ ಮುಂದೆ. ಮೊದಲ ಸಲ ಹೆರಿಗೆಯಾದ ಆಸ್ಪತ್ರೆಗೇ ಹೋದೆವು. ಆ ವರ್ಷದ ಪುಸ್ತಕಗಳು ತಮ್ಮಲ್ಲಿಲ್ಲ, ಊರಿನ ನೋಂದಣಿ ಕಚೇರಿಗೆ ಹೋಗಿ ಎಂದರು. ಅಲ್ಲಿಗೆ ಹೋಗುವಷ್ಟರಲ್ಲಿ ಊಟದ ಹೊತ್ತು, ಊಟದ ನಂತರ ಸರ್ವರ್ ಇಲ್ಲ, ಸರ್ವರ್ ಬಂದಾಗ ಗುಮಾಸ್ತರಿಲ್ಲ. ಎರಡನೇ ಸಲ ಗುಮಾಸ್ತರಿದ್ದರು. ಅರ್ಜಿಗೆ ತಂದೆಯ ಸಹಿಯೂ ಬೇಕೆಂದರು. ಹುಡುಗಿಯ ತಂದೆ ಗೋವಾದಲ್ಲಿ ಕಟ್ಟಡ ಕೆಲಸದಲ್ಲಿದ್ದರು. ಫೋನ್ ಮಾಡಿದಾಗ ಆ ಕಡೆಯಿಂದ ಬಹಳ ಹೊತ್ತು ಕಾಂಕ್ರೀಟ್ ಯಂತ್ರದ ಸದ್ದು ಮಾತ್ರ ಕೇಳಿಸಿತು. ಆಮೇಲೆ, “ಚೆಂಡಿನ ಆಟಕ್ಕೇನು?” ಎಂದರು. ನಾನು ಹೌದೆಂದೆ. “ಆಗಲಿ, ಬರುತ್ತೇನೆ,” ಎಂದರು. ರಾತ್ರಿ ಬಸ್ಸಿಗೆ ಹತ್ತಿ ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು, ಅಲ್ಲಿಂದ ನೇರವಾಗಿ ಆ ಊರಿಗೇ ಬಂದು ಸೇರಿದರು. ಅವರಿಗೆ ಎರಡು ದಿನದ ಕೂಲಿ ಹೋಯಿತು. ಈ ಇಡೀ ಪ್ರಕರಣದಲ್ಲಿ ಯಾರ ಲೆಕ್ಕದಲ್ಲೂ ಬರೆಯದ ಖರ್ಚು ಅದೊಂದೇ, ಎಲ್ಲಕ್ಕಿಂತ ದೊಡ್ಡದೂ ಅದೇ.

ಮೂರನೇ ಸಲ ಎಲ್ಲ ಕೂಡಿ ಬಂತು. ತಂದೆತಾಯಿಯ ಅರ್ಜಿ, ಇಬ್ಬರ ಆಧಾರ್, ನೋಟರಿ ಮಾಡಿಸಿದ ಅಫಿಡವಿಟ್, ನಾನು ತಂದಿದ್ದ ವ್ಯಾಸಂಗ ಪ್ರಮಾಣಪತ್ರ. ಗುಮಾಸ್ತರು ದಪ್ಪ ರಟ್ಟಿನ ವಹಿಯನ್ನು ತೆಗೆದು, ಪುಟ ತಿರುವಿ, ಆ ಸಾಲನ್ನು ಹುಡುಕಿ ಬೆರಳಿಟ್ಟರು. “ಹೆಸರು ಹೇಳಿ,” ಎಂದರು. ತಂದೆತಾಯಿ ಇಬ್ಬರೂ ಹುಡುಗಿಯ ಮುಖ ನೋಡಿದರು. ಅವಳೇ ಹೇಳಿದಳು. ಒತ್ತಕ್ಷರ ಎಲ್ಲಿ, ದೀರ್ಘ ಎಲ್ಲಿ ಎಂದು ನಾನು ಅಡ್ಡ ಬಾಯಿ ಹಾಕಿದೆ. ಗುಮಾಸ್ತರು ನನ್ನನ್ನು ನೋಡಿದ ರೀತಿಯಲ್ಲೇ ನಾನು ಕನ್ನಡ ಶಿಕ್ಷಕಿಯೆಂದು ಅವರಿಗೆ ತಿಳಿದದ್ದು ಗೊತ್ತಾಯಿತು. ಇಂಗ್ಲಿಷ್ ಅಕ್ಷರಗಳನ್ನು ಆಧಾರ್‌ನಲ್ಲಿದ್ದಂತೆಯೇ ಒಂದೊಂದಾಗಿ ಹೇಳಿ ಬರೆಸಿ, ಮುದ್ರಿಸುವ ಮೊದಲು ಪರದೆಯ ಮೇಲೆ ಓದಿಕೊಳ್ಳಿ. ಇಲ್ಲಿ ಒಂದು ಅಕ್ಷರ ತಪ್ಪಿದರೆ ತಿದ್ದುಪಡಿ ಎಂಬ ಇನ್ನೊಂದು ಯಾತ್ರೆ ಶುರುವಾಗುತ್ತದೆ.

ಹಳೆಯ ಪ್ರಮಾಣಪತ್ರವನ್ನು ಅವರು ಅಲ್ಲೇ ಇಟ್ಟುಕೊಂಡರು. ನನಗೆ ಕಾಗದ ಕಂಡರೆ ನಾಲ್ಕು ಝೆರಾಕ್ಸ್ ಮಾಡಿಸುವ ಚಾಳಿ. ಮನೆಯಲ್ಲಿ ಅದಕ್ಕೆ ನಗುತ್ತಾರೆ. ಹೆಸರಿಲ್ಲದ ಆ ಹಳೆಯ ಪ್ರತಿಯ ಝೆರಾಕ್ಸ್ ನನ್ನ ಚೀಲದಲ್ಲಿ ಉಳಿದಿತ್ತು. ಬಿಸಾಡಲು ಮನಸ್ಸು ಬರಲಿಲ್ಲ, ಅಷ್ಟೆ. ಇದನ್ನು ನೆನಪಿಡಿ.

ಜಿಲ್ಲಾ ಮಟ್ಟ ಗದಗದಲ್ಲಿ. ಏಳು ತಾಲ್ಲೂಕುಗಳಿದ್ದರೂ ಬಾಲಕಿಯರ ಫುಟ್‌ಬಾಲಿಗೆ ಬಂದ ತಂಡಗಳು ನಾಲ್ಕು. ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಎಂದಿದ್ದರು, ಪಂದ್ಯ ಆರಂಭವಾದದ್ದು ಹನ್ನೆರಡಕ್ಕೆ. ನಡುವಿನ ಮೂರು ಗಂಟೆಯಲ್ಲಿ ನಾನು ಫುಟ್‌ಬಾಲ್ ನಿಯಮಾವಳಿಯ ನಾಲ್ಕನೇ ನಿಯಮವನ್ನು ಕಲಿತೆ, ಅದೂ ಪೆಟ್ಟು ತಿಂದು. ಆಟಗಾರರ ಉಡುಗೆ ತೊಡುಗೆಯ ನಿಯಮ ಅದು. ಮೈಮೇಲೆ ಒಡವೆ ಯಾವುದೂ ಇರಕೂಡದು, ಮೇಲೆ ಪಟ್ಟಿ ಅಂಟಿಸಿ ಮುಚ್ಚುವುದೂ ನಡೆಯದು. ನಮ್ಮ ಹುಡುಗಿಯರ ಕೈತುಂಬ ಗಾಜಿನ ಬಳೆ, ಕಿವಿಯಲ್ಲಿ ಬೆಂಡೋಲೆ, ಇಬ್ಬರಿಗೆ ಮೂಗುಬೊಟ್ಟು. ಬಳೆ ತೆಗೆಯಬೇಕೆಂದಾಗ ಜೊತೆಗೆ ಬಂದಿದ್ದ ಒಬ್ಬಳ ಅಜ್ಜಿ, “ಹಬ್ಬ ಎದುರಿಗಿದೆ, ಬರಿಗೈಯಲ್ಲಿ ನಿಲ್ಲಿಸುತ್ತೀರೇನು?” ಎಂದು ನನ್ನ ಮೇಲೆ ಹರಿಹಾಯ್ದರು. ನನ್ನ ಕರವಸ್ತ್ರದಲ್ಲಿ ಅಷ್ಟೂ ಬಳೆ ಕಟ್ಟಿ ಅಜ್ಜಿಯ ಮಡಿಲಲ್ಲೇ ಇಟ್ಟೆ. ಕಾವಲಿಗೆ ಕೂತ ಮೇಲೆ ಅವರು ಸುಮ್ಮನಾದರು. ಹೊಸದಾಗಿ ಚುಚ್ಚಿಸಿದ ಮೂಗುಬೊಟ್ಟೊಂದು ಬರಲೇ ಇಲ್ಲ. ಸಾಬೂನು ಹಚ್ಚಿ, ಹುಡುಗಿ ಅತ್ತು, ಕೊನೆಗೆ ತೆಗೆದದ್ದಾಯಿತು. ತಂಡದಲ್ಲಿ ತಲೆವಸ್ತ್ರ ಕಟ್ಟುವ ಹುಡುಗಿಯೊಬ್ಬಳಿದ್ದಾಳೆ. ಅದಕ್ಕೆ ತೊಂದರೆಯಿಲ್ಲ: 2014ರಿಂದ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ, ಬಣ್ಣ ಕಪ್ಪು ಇರಬೇಕು ಅಥವಾ ಅಂಗಿಯದೇ ಬಣ್ಣ ಇರಬೇಕು. ಅವಳದು ಬಿಳಿ ಇತ್ತು. ಅಂಗಡಿಗೆ ಓಡಿ ಕಪ್ಪು ಬಟ್ಟೆ ತಂದೆವು, 60 ರೂಪಾಯಿ.

ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಕೂಡ ಕಡ್ಡಾಯ. ನಮ್ಮ ಬಳಿ ಇದ್ದದ್ದು ಏಳು ಜೋಡಿ. ಉಳಿದವರಿಗೆ ಉತ್ತರಪತ್ರಿಕೆ ಕಟ್ಟುವ ರಟ್ಟನ್ನು ಕತ್ತರಿಸಿ ಕಾಲುಚೀಲದೊಳಗೆ ಸೇರಿಸುವ ಉಪಾಯ ನನ್ನದೇ. ರೆಫರಿ ಒಬ್ಬಳ ಕಾಲನ್ನು ಬೆರಳಿನಿಂದ ತಟ್ಟಿ ನೋಡಿ, ರಟ್ಟನ್ನು ಹೊರಗೆಳೆದು ಅದರ ಮೇಲಿದ್ದ ‘ಕನ್ನಡ, ಘಟಕ ಪರೀಕ್ಷೆ 1’ ಎಂಬುದನ್ನು ಓದಿ ನಕ್ಕರು. ನಕ್ಕರೂ ಬಿಡಲಿಲ್ಲ. ಮೊದಲ ಪಂದ್ಯ ಮುಗಿಸಿ ಸೋತು ಕೂತಿದ್ದ ತಂಡದವರು ತಮ್ಮದನ್ನು ಬಿಚ್ಚಿ ಕೊಟ್ಟರು. ಆ ಮಕ್ಕಳು ಯಾವ ಊರಿನವರೆಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ನನಗೆ ಇರಲಿಲ್ಲ.

ಇನ್ನೊಂದು ಮಾತು, ಇದನ್ನು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಮೈದಾನದ ಶೌಚಾಲಯಕ್ಕೆ ಬೀಗ ಇರುತ್ತದೆ, ಬೀಗದ ಕೈ ಯಾರ ಬಳಿಯೋ ಇರುತ್ತದೆ. ಹೋದ ಕೂಡಲೇ ಮೊದಲು ಆ ಮನುಷ್ಯನನ್ನು ಹುಡುಕಿ. ಚೀಲದಲ್ಲಿ ಸ್ಯಾನಿಟರಿ ಪ್ಯಾಡಿನ ಎರಡು ಪೊಟ್ಟಣ, ಒಂದೆರಡು ಕಪ್ಪು ಚಡ್ಡಿ ಹೆಚ್ಚುವರಿ ಇರಲಿ. ಹದಿನಾರು ಹುಡುಗಿಯರಲ್ಲಿ ಯಾರಿಗಾದರೂ ಅವತ್ತೇ ಬೇಕಾಗುತ್ತದೆ, ಅವಳು ದೈಹಿಕ ಶಿಕ್ಷಕರಿಗೆ ಹೇಳುವುದಿಲ್ಲ. ಶಿಕ್ಷಕಿ ಜೊತೆಗಿರಬೇಕೆಂಬ ನಿಯಮ ಏಕೆಂದು ನನಗೆ ಮನವರಿಕೆಯಾದದ್ದು ಆ ಬೀಗದ ಮುಂದೆ.

ಸೆಮಿಫೈನಲ್ಲನ್ನು ಒಂದು ಗೋಲಿನಿಂದ ಗೆದ್ದೆವು. ಫೈನಲ್ ಹೊತ್ತಿಗೆ ಮಳೆ ಹಿಡಿದಿತ್ತು. ಎರಡೂ ತಂಡಕ್ಕೆ ಗೋಲು ಬರದೆ ಪೆನಾಲ್ಟಿ ಶೂಟೌಟಿಗೆ ಹೋಯಿತು. ನಮ್ಮ ಗೋಲ್‌ಕೀಪರ್ ದೈಹಿಕ ಶಿಕ್ಷಕರ ಹಳದಿ ಅಂಗಿ ತೊಟ್ಟಿದ್ದಳು, ಗೋಲ್‌ಕೀಪರಿನ ಬಣ್ಣ ಬೇರೆ ಇರಬೇಕಾದ್ದರಿಂದ. ತೋಳು ಬೆರಳ ತುದಿಯವರೆಗೆ ಇಳಿಬಿದ್ದಿತ್ತು. ಮೊದಲ ಹೊಡೆತಕ್ಕೆ ಎಡಕ್ಕೆ ಬಿದ್ದು ಹಿಡಿದಳು. ನಾಲ್ಕನೆಯದನ್ನು ಕಾಲಿನಿಂದ ತಡೆದಳು. 3-2. ಅವಳ ತಾಯಿ ನನ್ನ ಪಕ್ಕದಲ್ಲೇ ನಿಂತು ಐದು ಹೊಡೆತವನ್ನೂ ಕಣ್ಣು ಮುಚ್ಚಿಕೊಂಡೇ ಕಳೆದರು. ಮಗಳು ಓಡಿ ಬಂದು ಕೆಸರಿನ ಕೈಯಲ್ಲೇ ತಬ್ಬಿಕೊಂಡ ಮೇಲೆ ಕಣ್ಣು ಬಿಟ್ಟರು.

ಎದುರು ತಂಡದ ವ್ಯವಸ್ಥಾಪಕರು ನೇರವಾಗಿ ಸಂಘಟಕರ ಮೇಜಿಗೆ ಹೋದರು. ಶುಲ್ಕ ಕಟ್ಟಿ ಲಿಖಿತ ತಕರಾರು ಕೊಟ್ಟರು. ಗೋಲ್‌ಕೀಪರಿನ ಜನನ ಪ್ರಮಾಣಪತ್ರ ನಿನ್ನೆ ಮುದ್ರಿಸಿದ್ದು, ವಯಸ್ಸು ಇಳಿಸಿ ಮಾಡಿಸಿದ್ದಾರೆ ಎಂಬುದು ಅವರ ದೂರು. ಪ್ರಮಾಣಪತ್ರದ ಕೆಳಗೆ ವಿತರಣೆಯ ದಿನಾಂಕ ನಿಜಕ್ಕೂ ಹಿಂದಿನ ದಿನದ್ದೇ. ಹುಡುಗಿಯೂ ಎತ್ತರ. ನನ್ನ ಬಾಯಿ ಒಣಗಿತು.

ತಗಡಿನ ಶೆಡ್ಡಿನ ಕೆಳಗೆ ಒಂದೂಕಾಲು ಗಂಟೆ ಕೂತೆವು. ತಗಡಿನ ಮೇಲೆ ಮಳೆ ಬೀಳುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ, ಅದು ಒಳ್ಳೆಯದೇ ಆಯಿತು. ಎಕ್ಸ್‌ರೇ ಮಾಡಿಸಿ ಎಂದು ಅವರು ಕೂಗುವುದು ಮಾತ್ರ ಕೇಳಿಸಿತು. ನಮ್ಮ ದೈಹಿಕ ಶಿಕ್ಷಕರು ನನ್ನ ಕಿವಿಯ ಬಳಿ ಬಂದು ವಿವರಿಸಿದರು: ಮಣಿಕಟ್ಟಿನ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಪಟ್ಟಿಯೊಂದು ಇರುತ್ತದೆ, ಬೆಳವಣಿಗೆ ಮುಗಿದಂತೆ ಅದು ಕೂಡಿಕೊಳ್ಳುತ್ತದೆ, ಅದನ್ನು ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಫಿಫಾದವರು 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಹುಡುಗರ ಮಣಿಕಟ್ಟಿಗೆ ಎಂಆರ್‌ಐ ಮಾಡಿಸುತ್ತಿದ್ದಾರಂತೆ. ನೈಜೀರಿಯಾದ ಮಾತು ಕೇಳುತ್ತಾ ನಾನು ಹುಡುಗಿಯ ಮಣಿಕಟ್ಟನ್ನು ನೋಡಿದೆ. ಬಳೆ ತೆಗೆದ ಗುರುತು ಇನ್ನೂ ಇತ್ತು. ಅವಳು ಅಳುತ್ತಿರಲಿಲ್ಲ, ಕೆಸರು ಒಣಗಿದ ಬೂಟಿನಿಂದ ಮಣ್ಣನ್ನು ಉಗುರಿನಲ್ಲಿ ಕೆರೆದು ತೆಗೆಯುತ್ತಿದ್ದಳು. “ಹೆಸರು ಸೇರಿಸದಿದ್ದರೇ ಒಳ್ಳೆಯದಿತ್ತೇನೋ ಅಕ್ಕೋರೇ,” ಎಂದಳು.

ಆಗ ನನಗೆ ಝೆರಾಕ್ಸ್ ನೆನಪಾಯಿತು.

ಎರಡೂ ಹಾಳೆಗಳನ್ನು ಸಂಘಟಕರ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಹಳೆಯದರಲ್ಲಿ ಹೆಸರಿಲ್ಲ, ಹೊಸದರಲ್ಲಿ ಇದೆ. ನೋಂದಣಿ ಸಂಖ್ಯೆ ಒಂದೇ, ಹುಟ್ಟಿದ ದಿನ ಒಂದೇ, ನೋಂದಣಿಯಾದ ದಿನವೂ ಒಂದೇ: ಹುಟ್ಟಿದ ಮೂರನೇ ದಿನ. ಬದಲಾದದ್ದು ವಿತರಣೆಯ ದಿನಾಂಕ ಮಾತ್ರ. ತರಗತಿಯಲ್ಲಿ ವಿಭಕ್ತಿ ಪ್ರತ್ಯಯ ವಿವರಿಸುವ ಧ್ವನಿಯಲ್ಲೇ, ನೋಂದಣಿ ಬೇರೆ, ವಿತರಣೆ ಬೇರೆ ಎಂದು ಮೂರು ಸಲ ಹೇಳಿದೆ. ಸಮಿತಿಯಲ್ಲಿದ್ದ ಒಬ್ಬರು ಹೊಸ ಪ್ರಮಾಣಪತ್ರದ ಕ್ಯೂಆರ್ ಗುರುತನ್ನು ಮೊಬೈಲಿನಲ್ಲಿ ತೆರೆದು ನೋಡಿದರು. ಮಳೆಗೆ ಸಿಗ್ನಲ್ ಇಲ್ಲದೆ ಅದೂ ಇಪ್ಪತ್ತು ನಿಮಿಷ ತೆಗೆದುಕೊಂಡಿತು. ತಕರಾರು ಬಿದ್ದುಹೋಯಿತು. ಎದುರು ತಂಡದ ವ್ಯವಸ್ಥಾಪಕರು ಹೋಗುವಾಗ ನನ್ನ ಬಳಿ ನಿಂತು, ಹೆಸರು ಸೇರಿಸಲು ಯಾವ ಯಾವ ಕಾಗದ ಬೇಕಾಯಿತು ಎಂದು ಮೆಲ್ಲಗೆ ಕೇಳಿದರು. ಅವರ ತಂಡದಲ್ಲೂ ಒಬ್ಬಳಿದ್ದಳಂತೆ. ಹೇಳಿದೆ. ಸಿಟ್ಟಿತ್ತು, ಆದರೂ ಹೇಳಿದೆ.

ಆದ್ದರಿಂದ, ಹೊಸ ಪ್ರಮಾಣಪತ್ರ ಪಡೆಯುವವರು ಹಳೆಯದರ ಪ್ರತಿಯನ್ನು ಬಿಸಾಡಬೇಡಿ. ಕಡತದಲ್ಲಿ ಅದು ಮೇಲೆಯೇ ಇರಲಿ.

ವಿಭಾಗ ಮಟ್ಟ ಧಾರವಾಡದಲ್ಲಿ. ಬೆಳಗಾವಿ ವಿಭಾಗವೆಂದರೆ ಒಂಬತ್ತು ಶೈಕ್ಷಣಿಕ ಜಿಲ್ಲೆಗಳು: ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಶಿರಸಿ. ಪ್ರಯಾಣದ ಖರ್ಚಿಗೆ ಹೆದರಿದ್ದೆವು, ಆದರೆ ಹುಡುಗಿಯರ ತಂಡಕ್ಕೆ ಒಂದು ಅನುಕೂಲ ಇದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ನಾವೆಲ್ಲ ಉಚಿತ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್, 17 ಶೂನ್ಯ ಟಿಕೆಟ್, ಹಣ ಕೊಟ್ಟು ಪಡೆದ ಟಿಕೆಟ್ ಒಂದೇ, ಅದು ನಮ್ಮ ದೈಹಿಕ ಶಿಕ್ಷಕರದು. ಮಕ್ಕಳು ದಾರಿಯುದ್ದಕ್ಕೂ ಅವರನ್ನು ‘ಟಿಕೆಟ್ ಸರ್’ ಎಂದು ಕಾಡಿದರು. ಎಲ್ಲರ ಆಧಾರ್ ಕೈಯಲ್ಲಿರಲಿ. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಮಕ್ಕಳು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲೇ ಹೋಗಬೇಕೆಂದು ಹಟ ಹಿಡಿದರು. ಅದು ಹವಾನಿಯಂತ್ರಿತ, ಶಕ್ತಿ ಅದಕ್ಕೆ ಅನ್ವಯಿಸುವುದಿಲ್ಲ. ಬಾಗಿಲು ತಾನಾಗಿ ತೆರೆಯುವ ಬಸ್ಸನ್ನು ಅವರಲ್ಲಿ ಹತ್ತು ಮಂದಿ ಹತ್ತಿರದಿಂದ ನೋಡಿದ್ದೇ ಮೊದಲು. ನನ್ನ ಪರ್ಸಿನಿಂದ ಕೊಟ್ಟೆ. ಈ ಖರ್ಚಿಗೆ ರಸೀದಿ ಇಟ್ಟುಕೊಂಡಿಲ್ಲ.

ಶಾಲೆಯೊಂದರ ಸಭಾಂಗಣದಲ್ಲಿ ವಸತಿ. ಚಾಪೆ ಕೊಡುತ್ತಾರೆ, ಹೊದಿಕೆ ನಮ್ಮದು. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಗೆ ತೊಳೆದ ಅಂಗಿ ಒಣಗುವುದಿಲ್ಲ, ಆದ್ದರಿಂದ ಎರಡು ಜೊತೆ ಅಂಗಿ ಇಲ್ಲದ ತಂಡ ಒದ್ದೆಯಲ್ಲೇ ಆಡುತ್ತದೆ, ನಾವು ಆಡಿದಂತೆ. ಊಟ ಸಂಘಟಕರದು, ಚೆನ್ನಾಗಿತ್ತು, ಆದರೆ ಅನ್ನ ಸಾರು ಮಾತ್ರ. ಎರಡನೇ ಹೊತ್ತಿಗೇ ಮಕ್ಕಳು ರೊಟ್ಟಿ ಕೇಳಿದರು. ಪಂಚಮಿ ಹಬ್ಬ ಹತ್ತಿರವಿದ್ದುದರಿಂದ ಮನೆಗಳಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಉಂಡಿಗಳ ಡಬ್ಬಿ ಬಂದಿದ್ದವು. ಕಾರವಾರ ಕಡೆಯ ತಂಡದ ಹುಡುಗಿಯರು ನಮ್ಮ ಗುರೆಳ್ಳು ಚಟ್ನಿ ತಿಂದು ಕಣ್ಣೀರು ಸುರಿಸಿ, ಮತ್ತೆ ಬಂದು ಕೇಳಿದರು.

ಪಂದ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 6-0. ಎದುರಿನ ಶಾಲೆಯಲ್ಲಿ ಹನ್ನೆರಡನೇ ತರಗತಿಯವರೆಗೂ ಇದೆ. ಅವರ ಹತ್ತನೇ ನಂಬರಿನ ಹುಡುಗಿ ಚೆಂಡನ್ನು ನೋಡದೆಯೇ ಒದೆಯುತ್ತಿದ್ದಳು, ಅದು ಹೋಗಬೇಕಾದಲ್ಲಿಗೇ ಹೋಗುತ್ತಿತ್ತು. ಮೊದಲರ್ಧದಲ್ಲಿ ನಾಲ್ಕು ಗೋಲು ಬಿದ್ದ ಮೇಲೆ ನಮ್ಮವರಿಗೆ ಭಯ ಹೋಯಿತು, ಆಮೇಲೆ ಚೆನ್ನಾಗಿಯೇ ಆಡಿದರು. ಗೋಲ್‌ಕೀಪರ್ ಎಷ್ಟು ತಡೆದಳೆಂದು ದೈಹಿಕ ಶಿಕ್ಷಕರು ಎಣಿಸಿಟ್ಟಿದ್ದರು: 14. ಮುಗಿದ ಮೇಲೆ ಎದುರು ತಂಡದ ತರಬೇತುದಾರರು ಬಂದು ಅವಳ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಏಕೆ ಬರೆದುಕೊಂಡರೋ ಕೇಳಲಿಲ್ಲ.

ಖರ್ಚಿನ ಮಾತು. ಭಾವಚಿತ್ರ, ಝೆರಾಕ್ಸ್, ಕಡತದ ಚೀಲಗಳಿಗೆ 1,900 ರೂಪಾಯಿ. ಬೂಟು, ಶಿನ್ ಗಾರ್ಡಿಗೆ ಊರಿನ ಹಿರಿಯರು, ಹಳೆಯ ವಿದ್ಯಾರ್ಥಿಗಳು ಸೇರಿ ಕೊಟ್ಟದ್ದು 9,500. ಅದರಲ್ಲಿ 11 ಜೊತೆ ಬೂಟು ಬಂತು, ಬದಲಿ ಆಟಗಾರ್ತಿ ಒಳಗೆ ಹೋಗಬೇಕಾದರೆ ಹೊರಗೆ ಬಂದವಳ ಬೂಟು ಬಿಚ್ಚಿಸಿಕೊಳ್ಳಬೇಕಿತ್ತು. ನೋಟರಿ, ಅಫಿಡವಿಟ್ಟಿಗೆ 250. ಹೆಸರು ಸೇರಿಸುವ ತಡದ ಶುಲ್ಕ ಇಷ್ಟೆಲ್ಲದರ ನಡುವೆ ಲೆಕ್ಕಕ್ಕೇ ಬರದಷ್ಟು ಸಣ್ಣದು. ಹಣ ಮೊದಲು ನಿಮ್ಮ ಕೈಯಿಂದ ಹೋಗುತ್ತದೆ, ಬಿಲ್ಲು ಆಮೇಲೆ ಪಾಸಾಗುತ್ತದೆ, ಅಥವಾ ಪಾಸಾಗುವ ಹಾದಿಯಲ್ಲಿರುತ್ತದೆ. ನನ್ನದು ಹಾದಿಯಲ್ಲಿದೆ.

ನಿನ್ನೆ ಮಧ್ಯಾಹ್ನ ಬಿಡುವಿನ ಅವಧಿಯಲ್ಲಿ ಎಂಟನೇ ತರಗತಿಗೆ ಹೊಸದಾಗಿ ಸೇರಿದ ಮಕ್ಕಳ ದಾಖಲೆಗಳ ಕಟ್ಟನ್ನು ತೆರೆದು ಕೂತೆ. ಆಡುವವರದು, ಆಡದವರದು ಎಂದು ನೋಡಲಿಲ್ಲ, ಎಲ್ಲರದನ್ನೂ ನೋಡಿದೆ. ಹೆಸರಿನ ಜಾಗ ಖಾಲಿ ಇದ್ದವು ಮೂರು: ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಒಂದು ರೋಣದ ದಾಖಲೆ, ಒಂದು ಕುಂದಗೋಳದ್ದು, ಒಂದು ಇಲ್ಲೇ ಗದಗಿನದು. ಮೂವರಿಗೂ ಇನ್ನೂ ಒಂದು ವರ್ಷಕ್ಕೆ ಮೇಲೆ ಅವಧಿ ಇದೆ. ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಅವರು ಕುಂದಗೋಳದ ಬಸ್ಸಿನ ವೇಳೆ ನನಗೆ ಗೊತ್ತಿದೆಯೇ ಎಂದು ಕೇಳಿದರು.